ಧ್ರುವದ ಪಕ್ಕದ ದೀಪ

ಆನೈಮಲೈ
18-3-1984

ಚಿರಂಜೀವಿ ಸಾಂತಿಗೆ,

ಅದನ್ನೇ ಹೇಳುತ್ತಿದ್ದೆ, ಲಾರಿಗಳು ಬಂದ ಮೇಲೂ ನಿನ್ನ ಮೈಲ್‌ಸಾಮಿ ಮಾವ ಎತ್ತುಗಳನ್ನು ಕುನ್ನತ್ತೂರು ಸಂತೆಗೆ ನಡೆಸಿಕೊಂಡೇ ಹೋಗುತ್ತಿದ್ದ ಅಂತ. ಲಾರಿಯಲ್ಲಿ ನಿಂತು ಬಂದ ಎತ್ತಿನ ಕಾಲು ಬಾತಿರುತ್ತದೆ, ಕೊಳ್ಳುವವನು ಮೊದಲು ನೋಡುವುದೇ ಕಾಲು. ಅಷ್ಟರಲ್ಲಿ ನಿನ್ನೆ ನಿನ್ನ ಬಸ್ಸು ಹೊರಟುಬಿಟ್ಟಿತು. ಸಾವಿನ ಮನೆ, ತುಂಬಾ ಜನ. ನಿನ್ನೊಡನೆ ಕೂತು ಮಾತಾಡಲು ಆಗಲೇ ಇಲ್ಲ, ಬೇಸರ ಮಾಡಿಕೊಳ್ಳಬೇಡ.

ಬಿಸಿಲಿಗೆ ಹೆದರಿ ರಾತ್ರಿ ನಡಿಗೆ. ಹಿಂದಿನಿಂದ ನೋಡಿದರೆ ಧ್ರುವ ನಕ್ಷತ್ರ ಎಡಗಡೆಯ ಎತ್ತಿನ ಎಡಗೊಂಬಿನ ಮೇಲೆ ಕೂತಿರಬೇಕು, ಅದೇ ಕುನ್ನತ್ತೂರು ದಾರಿ. ನಮ್ಮ ಕಡೆ ಅದು ತೆಂಗಿನ ಮರದ ತಲೆಯಷ್ಟೇ ಎತ್ತರ. ಕಾಲೇಜಿನಲ್ಲಿ ಓದಿದ್ದೆ, ದಿ ಆಲ್ಟಿಟ್ಯೂಡ್ ಆಫ್ ದಿ ಪೋಲ್ ಸ್ಟಾರ್ ಈಸ್ ಈಕ್ವಲ್ ಟು… ಯಾವುದಕ್ಕೋ ಈಕ್ವಲ್. ಹೇಳಹೋದರೆ ಅವನು, "ಭಾವ, ಆ ಇಂಗ್ಲೀಸ ಎತ್ತಿಗೆ ಹೇಳಿ ನೋಡಿ, ಸಗಣಿ ಹಾಕ್ತದೆ" ಅನ್ನುತ್ತಿದ್ದ. ನಿನ್ನಮ್ಮ ತಮ್ಮನ ಕಡೆ ಸೇರಿಕೊಂಡು ನಗುತ್ತಿದ್ದಳು.

ಈಚೆಗೆ ಅವನೇ ಕೇಳತೊಡಗಿದ್ದ, "ಧ್ರುವ ಬಂದಿದೆಯಾ ಭಾವ?" ಆರ್.ಎಸ್. ಪುರಂನ ಡಾಕ್ಟರು ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂದರು. ಬರುವಾಗ ಬಸ್ಸಿನಲ್ಲಿ ನಕ್ಕ. "ಇನ್ನು ಎತ್ತಿನ ಬಾಲ ಹಿಡ್ಕೊಂಡು ಹೋಗೋದಾ ನಾನು?"

ಈ ಸಲ ಸಂತೆಗೆ ಹೊರಟ ಸಂಜೆ ಮುತ್ತಮ್ಮಾಳ್ ಅತ್ತೆ ಗಂಡನನ್ನು ತಡೆದಿದ್ದಾಳೆ. ಮಾತಿಗೆ ಮಾತು ಬೆಳೆದು, "ಕುರುಡ, ಮನೇಲಿ ಬಿದ್ದಿರು" ಅಂದುಬಿಟ್ಟಿದ್ದಾಳೆ. ಮರುದಿನ ಅವನು ಸಿಕ್ಕಿದ್ದು ಪೊಳ್ಳಾಚಿ ದಾಟಿ, ಕಟ್ಟೆಯಿಲ್ಲದ ಆ ಬಾವಿಯಲ್ಲಿ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ದಾಯಾದಿ ಪಳನಿಯಮ್ಮಾಳ್, "ಗಂಡನ್ನ ಬಾವಿಗೆ ಓಡಿಸಿದ ಬಾಯಿ ಇದೇ ನೋಡ್ರಿ" ಅಂದಳು, ನೀನೇ ಕೇಳಿದೆಯಲ್ಲ. ಅಂದಿನಿಂದ ಅತ್ತೆ ಅನ್ನ ಮುಟ್ಟಲಿಲ್ಲ. ಒಂದೇ ಮಾತು: "ಅಣ್ಣಾ, ಅವರು ನನ್ನ ಮಾತಿಗೇ ಹೋದ್ರಾ?"

ಇಲ್ಲ ಎಂದು ತೋರಿಸಲೇಬೇಕಿತ್ತು. ನಿನ್ನೆ ನಿನ್ನನ್ನು ಕಳಿಸಿ, ಊರ ಹಿರಿಯ ಪೆರಿಯಸಾಮಿಯನ್ನು ಆ ಬಾವಿಯ ಕಡೆಗೆ ಕರೆದೊಯ್ದೆ. ಕಳ್ಳಿ ಬೇಲಿಗಳ ನಡುವಿನ ಇಟ್ಟೇರಿ ದಾರಿ ತಿರುಗುವಲ್ಲಿ ಕತ್ತಲಾಗುವ ತನಕ ನಿಂತೆವು. ಹೊಸ ನೂಲಿನ ಮಿಲ್ಲಿನವರು ನೀರಿನ ಟ್ಯಾಂಕಿನ ಮೇಲೊಂದು ದೀಪ ಹಾಕಿದ್ದಾರೆ. ಧ್ರುವದ ಪಕ್ಕದಲ್ಲೇ, ಅಷ್ಟೇ ಎತ್ತರಕ್ಕೆ, ಅದರಂತೆಯೇ ಕದಲದೆ. ಕೊಂಬಿನ ಮೇಲೆ ಆ ದೀಪವನ್ನು ಇಟ್ಟುಕೊಂಡು ನಡೆದರೆ ನೇರ ಬಾವಿಗೆ. ಪೆರಿಯಸಾಮಿ ಎರಡನ್ನೂ ನೋಡಿ, "ಅಡ ಪಾಪಿ, ನನ್ನ ಕಣ್ಣೇ ಏಮಾರ್ತದೆ, ಅವನ ಕಣ್ಣು ಏನು ಮಾಡೀತು!" ಅಂದ. ಇವತ್ತು ಬೆಳಿಗ್ಗೆ ಪಳನಿಯಮ್ಮಾಳನ್ನು ಬೀದಿಯಲ್ಲೇ ನಿಲ್ಲಿಸಿ ಬೈದನಂತೆ. ಮಧ್ಯಾಹ್ನ ಅತ್ತೆ ಎರಡು ತುತ್ತು ಮೊಸರನ್ನ ತಿಂದಳು. "ದೀಪಾನಾ ಅಣ್ಣಾ? ದೀಪಾನೇನಾ?" ಅಂತ ಮತ್ತೆ ಮತ್ತೆ ಕೇಳಿ ಅತ್ತಳು. ಹೌದಮ್ಮ ಅಂದೆ.

ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ. ತಲೆ ಎತ್ತಿ ನೋಡಿದರೆ ಜಗಲಿಯಲ್ಲಿ ಬೆಳಕೇ ಉಳಿದಿಲ್ಲ. ಅಳಿಯಂದಿರಿಗೂ ಮಗುವಿಗೂ ನನ್ನ ಆಶೀರ್ವಾದ. ನಿಮ್ಮೆಲ್ಲರ ಕಣ್ಣು ತಣ್ಣಗಿರಲಿ.

ಇಂತಿ ನಿನ್ನ ಅಪ್ಪ,
ದೇವರಾಜನ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವನು ಬಿಟ್ಟುಹೋದ ಕಂಬಳಿ ಕೊಟ್ಟು ಬಾ ಎಂದು ಅತ್ತೆ ಬೆಳಗಾಗುತ್ತಲೇ ನನ್ನನ್ನು ಸೈಕಲ್ಲಿನಲ್ಲಿ ಕಳಿಸಿದ್ದಳು. ಬಾವಿಯ ಹತ್ತಿರ ಮೊದಲು ಹೋದವನು ನಾನು. ಎತ್ತುಗಳು ಅಲೆಯುತ್ತಿದ್ದವು ಎಂದು ಪೊಲೀಸರಿಗೂ ಹೇಳಿದ್ದೇನೆ. ಅಲೆಯುತ್ತಿರಲಿಲ್ಲ. ಎರಡನ್ನೂ ಬೇವಿನ ಮರಕ್ಕೆ ಕಟ್ಟಿ, ಮುಂದೆ ಜೋಳದ ದಂಟು ಹಾಕಿದ್ದ. ದಾರಿ ತಪ್ಪಿ ಬೀಳುವವನು ಎತ್ತು ಕಟ್ಟಿ, ಮೇವು ಹಾಕಿ ಬೀಳುವುದಿಲ್ಲ. ನಾನೇ ಹಗ್ಗ ಬಿಚ್ಚಿ, ಅವನ್ನು ಹೊಡೆದು ಓಡಿಸಿ, ಆಮೇಲೆ ಜನರನ್ನು ಕೂಗಿದೆ. ಅತ್ತೆಯ ಕಿವಿಗೆ ಇದು ಬೀಳಕೂಡದು. ಒಬ್ಬನೇ ಇಟ್ಟುಕೊಳ್ಳಲು ಆಗಲಿಲ್ಲ ಮಗಳೇ.