ನನ್ನ ಯಜಮಾನರ ಮುಖ ನಿಮ್ಮ ಫೋಟೊಕ್ಕೆ ಹೊಂದುವುದಿಲ್ಲವಂತೆ

ಚಿಕಿತ್ಸಾ ನೆರವಿಗೆ ಮಂಜೂರಾತಿ ಕೊಡುವ ಕುರ್ಚಿಯಲ್ಲಿ ಕುಳಿತ ಮಾನ್ಯರೇ,

ನನ್ನ ಯಜಮಾನರು ನನ್ನ ಯಜಮಾನರಲ್ಲ ಎಂದು ನಿಮ್ಮ ಕಂಪ್ಯೂಟರ್ ಕಳೆದ ಸೋಮವಾರ ತೀರ್ಮಾನಿಸಿತು. ಇಪ್ಪತ್ತೊಂಬತ್ತು ವರ್ಷ ಅವರಿಗೆ ರೊಟ್ಟಿ ಬಡಿದು ಹಾಕಿದ ನನಗೆ ಇದು ಗೊತ್ತೇ ಇರಲಿಲ್ಲ. ತಿಳಿಸಿದಿರಿ, ಉಪಕಾರವಾಯಿತು. ಆದರೆ ಅಂದಿನಿಂದ ಅವರ ಕರೆಂಟು ನಿಂತಿದೆ. ನಾಲಿಗೆಯ ಬುಡದ ಕ್ಯಾನ್ಸರಿಗೆ ಕೊಡುವ ವಿಕಿರಣಕ್ಕೆ ನಮ್ಮ ಕಡೆ ಕರೆಂಟು ಎನ್ನುತ್ತಾರೆ. ಮೂವತ್ಮೂರು ಸಲ ಕೊಡಬೇಕು, ಇಪ್ಪತ್ತು ಆಗಿದೆ. ನಡುವೆ ಬಿಟ್ಟರೆ ಗಡ್ಡೆ ಮತ್ತೆ ತಲೆ ಎತ್ತುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಇಂದು ಶುಕ್ರವಾರ, ಐದು ದಿನ ಹೋದವು. ಗಡ್ಡೆಗೇನು ನಿಮ್ಮ ಕಚೇರಿಯ ವೇಳಾಪಟ್ಟಿ ತಿಳಿಯುತ್ತದೆಯೇ?

ನಿಮ್ಮ ಕಡತದಲ್ಲಿ ಅವರು ನೀಲಪ್ಪ. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನನಗಿಲ್ಲ, ಬರೆಯಲು ಅಡ್ಡಿಯಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆಂಬುದು ಏಳನೆಯ ಇಯತ್ತೆ ಕಲಿತ ನನಗೇ ತಿಳಿದಿದೆ, ಹೆಚ್ಚು ಓದಿದ ನಿಮಗೆ ಕಷ್ಟವಾಗಲಾರದು. ಮೊದಲು, ತಲೆ ಅಲುಗದಿರಲೆಂದು, ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಎಳೆದು ಮುಖವಾಡ ಮಾಡುತ್ತಾರೆ. ಅದು ಸರಿಯಾಗಿ ಕೂಡಲೆಂದು ಇವರು ಮೀಸೆ ತೆಗೆಸಿದರು. ಅಂದು ಯಂತ್ರ ನಡೆಸುವ ಹುಡುಗಿ ತನುಜಾ, "ಕೊರಳಾಗಿನ ಲಿಂಗ ತಗೀರಿ ಕಾಕಾ, ಮುಖವಾಡ ಭುಜದತನಕ ಬರ್ತೈತಿ" ಎಂದಳು.

"ಜೀವ ಹೋದ್ರೂ ಮೈಯಿಂದ ತಗಿಯಾಂಗಿಲ್ಲ ಯವ್ವಾ."

"ಜೀವ ಉಳೀಲಿ ಅಂತನ ಹೇಳಾಕತ್ತೇನ್ರಿ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಮನಸ್ಸಿನಲ್ಲಿ ಕೈಮುಗಿದು, ಶಿವದಾರ ಸಡಿಲಿಸಿ ಲಿಂಗವನ್ನು ಅವರ ಮುಂಗೈಗೆ ಕಟ್ಟಿದೆ. ಬಡವನ ಜೀವಕ್ಕಾಗಿ ಶಿವನೇ ಕೊರಳಿನಿಂದ ಮುಂಗೈಗೆ ಇಳಿದ, ಮಾನ್ಯರೇ. ನಿಮ್ಮ ಕಚೇರಿ ಎಳ್ಳಿನಷ್ಟೂ ಸರಿಯುವುದಿಲ್ಲ.

ದಿನವೂ ಕರೆಂಟು ಕೊಡುವ ಮುನ್ನ ಆ ಯಂತ್ರ ಅವರ ಸುತ್ತ ತಿರುಗಿ ಒಳಗಿನ ಚಿತ್ರ ತೆಗೆದು, ಮೊದಲ ದಿನದ ಚಿತ್ರದೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ "ನೀನು ಅವನಲ್ಲ, ಮನೆಗೆ ಹೋಗು" ಎನ್ನುವುದಿಲ್ಲ. ಮಲಗಿಸಿದ ಮಂಚವನ್ನೇ ಕೂದಲೆಳೆಯಷ್ಟು ಸರಿಸುತ್ತದೆ. ಮೂರನೆಯ ವಾರ ಗಂಜಿಯೂ ಇಳಿಯದೆ ಗಲ್ಲ ಬತ್ತಿ ಮುಖವಾಡ ಸಡಿಲವಾದಾಗ ಹೊಸದನ್ನು ಮಾಡಿ, ಲೆಕ್ಕವನ್ನು ತಿದ್ದಿಕೊಂಡರು. ಹಳೆಯದನ್ನು ನಾನು ಕೇಳಿ ಇಸಿದುಕೊಂಡೆ.

ನೀವೂ ಪ್ರತಿ ಸೋಮವಾರ ಫೋಟೊ ತೆಗೆಸಿ ನೆರವಿನ ಕಾರ್ಡಿನ ಫೋಟೊದೊಂದಿಗೆ ಹೋಲಿಸುತ್ತೀರಿ. ಕಾರ್ಡಿನಲ್ಲಿ ತುಂಬುಗಲ್ಲ, ದಪ್ಪ ಮೀಸೆ, ಮೂರೆಳೆ ವಿಭೂತಿ. ನಾಲ್ಕು ವಾರ ಹೇಗೋ ಒಪ್ಪಿದ ಕಂಪ್ಯೂಟರ್ ಐದನೆಯ ವಾರ ಒಲ್ಲೆ ಎಂದಿತು. ಕಾಯಿಲೆಯಲ್ಲಿ ಮುಖ ಬದಲಾಗದೆ ಉಳಿದಿದ್ದರೆ ಇವನಿಗೆ ಕಾಯಿಲೆಯೇ ಇಲ್ಲವೆಂದು ನೆರವು ನಿಲ್ಲಿಸುತ್ತಿದ್ದಿರೋ ಏನೋ.

ಕೇಳಲು ಬಂದಾಗ ನಿಮ್ಮ ಗುಮಾಸ್ತ, "ಮೀಸಿ ಬೆಳಸ್ಕೊಂಡು, ಗಲ್ಲ ತುಂಬಿದ ಮ್ಯಾಲ ಕರ್ಕೊಂಡ ಬರ್ರಿ ಅಕ್ಕಾರ" ಎಂದ. ನಾನು ಚೀಲದಿಂದ ಹಳೆಯ ಮುಖವಾಡ ತೆಗೆದು ಅವನ ಮೇಜಿನ ಮೇಲಿಟ್ಟೆ. "ತುಂಬಿದ ಗಲ್ಲ ಇಲ್ಲೈತಿ ನೋಡ್ರಿ. ಅಳತಿ ಹಿಡೀರಿ."

ಅವನು ಅದನ್ನು ಹಿಂದೆ ಮುಂದೆ ತಿರುಗಿಸಿದ. "ಇದರ ಮ್ಯಾಲ ಸಿಕ್ಕಾ ಇಲ್ಲಲ್ರಿ."

"ಸಿಕ್ಕಾ ಇಲ್ರಿ. ಮೂಗೈತಿ."

ಸೀಲಿಲ್ಲದ ಮೂಗು ನಿಮ್ಮಲ್ಲಿ ನಡೆಯುವುದಿಲ್ಲವೆಂದು ತಿಳಿದು, ಮುಖವಾಡವನ್ನು ಸೆರಗಿನಲ್ಲಿ ಸುತ್ತಿಕೊಂಡು ಶಿಗ್ಗಾವಿ ಬಸ್ಸು ಹತ್ತಿದೆ.

ನನ್ನ ಬೇಡಿಕೆ ಒಂದೇ. ಬರುವ ಸೋಮವಾರ ಬೆಳಿಗ್ಗೆ ಯಂತ್ರದ ಮುಂದೆ ನಮ್ಮ ಸರದಿ ಬರುವ ಮೊದಲು ಮಂಜೂರಾತಿ ಕೊಡಿ. ಗುರುತು ಬೇಕಿದ್ದರೆ ದಿನವೂ ನೋಡುವ ವೈದ್ಯರ ಸಹಿ ತೆಗೆದುಕೊಳ್ಳಿ. ತಡಮಾಡಿದರೆ ಒಂದು ದಿನ ಅವರ ಮುಖ ಬದಲಾಗುವುದನ್ನೇ ನಿಲ್ಲಿಸುತ್ತದೆ. ಅಂದು ಹಣೆಗೆ ವಿಭೂತಿ ಹಚ್ಚಿ ಕೂರಿಸುತ್ತೇವೆ, ಮಿಸುಕದೆ ಕೂರುತ್ತಾರೆ, ನಿಮ್ಮ ಫೋಟೊ ಚೆನ್ನಾಗಿ ಬರುತ್ತದೆ. ನನಗೆ ಆ ದಿನ ಬೇಡ. ಸೋಮವಾರ ಬೇಕು.

ಇಂತಿ,
ನಿಮ್ಮ ಕಂಪ್ಯೂಟರಿನ ಪ್ರಕಾರ ಯಾರದೋ ಗಂಡನಿಗೆ ಗಂಜಿ ಕುಡಿಸುತ್ತಿರುವ
ಸುಶೀಲವ್ವ, ದುಂಡಸಿ