ಹಸಿರು ಚೂರು

ಗಿಣಿಗೇರಾ
೬-೧೧-೨೦೦೬, ಸೋಮವಾರ

ಪ್ರೀತಿಯ ಅತ್ತೀ,

ನಿನ್ನ ಪಾದಕ್ಕೆ ಸೊಸೆ ಕವಿತಾಳ ಶರಣು. ಮೊಣಕಾಲು ಹೇಗಿದೆ? ಯಲಬುರ್ಗಾದಲ್ಲಿ ವಿಜಯಕ್ಕನ ಮನೆಯ ಕಟ್ಟೆ ಎತ್ತರ. ಹತ್ತುವಾಗ ಗೋಡೆ ಹಿಡಿದೇ ಹತ್ತು, ಮಗಳ ಮುಂದೆ ಗಟ್ಟಿಗಿತ್ತಿ ಅಂತ ತೋರಿಸಿಕೊಳ್ಳಲು ಹೋಗಬೇಡ. ಕಾಲಿಗೆ ತಿಕ್ಕುವ ಎಣ್ಣೆಯ ಶೀಶೆ ಇಲ್ಲೇ ಉಳಿದಿದೆ. ಮರೆತು ಹೋದೆಯೋ, ಸಿಟ್ಟಿಗೆ ಬಿಟ್ಟು ಹೋದೆಯೋ, ನನಗೆ ತಿಳಿಯದು. ಸಾಕ್ಷರತಾ ಶಾಲೆಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತವಳು ನೀನು, ಅದಕ್ಕೇ ದಪ್ಪ ದಪ್ಪ ಬರೆದಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಅಂಗಡಿಯ ಫೋನಿನಲ್ಲಿ ಮಾತಾಡುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ.

ಇಲ್ಲಿ ಎಲ್ಲ ಸುಮಾರಾಗಿ ನಡೆದಿದೆ. ಎಮ್ಮೆ ಮಾತ್ರ ನನ್ನ ಕೈಗೆ ಹಾಲು ಬಿಡಲು ಮೊಂಡು ಹಿಡಿದಿದೆ, ಅದೂ ನಿನ್ನ ಪಾರ್ಟಿ. ದೀಪಾವಳಿಗೆ ಬರುತ್ತೀ ಎಂದು ಕರ್ಚೀಕಾಯಿ ಮಾಡಿ ಡಬ್ಬಿ ತುಂಬಿದ್ದೆ. ಬರಲಿಲ್ಲ, ಕೊನೆಗೆ ಓಣಿಯ ಹುಡುಗರಿಗೆ ಹಂಚಿದೆ. 'ನಿಮ್ಮತ್ತಿ ಯಾವಾಗ ಬರ್ತಾಳವ್ವ?' ಎಂದು ಕಂಡವರೆಲ್ಲ ಕೇಳುತ್ತಾರೆ. ಮಗಳ ಮನೆಯಲ್ಲಿ ಹತ್ತಿ ಬಿಡಿಸುವ ಕೆಲಸ ಬಿದ್ದಿದೆ ಎಂದು ಬಾಯಿಗೆ ಬಂದದ್ದು ಹೇಳುತ್ತೇನೆ. ಹೇಳುವಾಗ ಮುಖ ಎತ್ತಲು ಆಗುವುದಿಲ್ಲ.

ನೀನು ಯಾಕೆ ಹೋದೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತು. ಆದರೆ ಅವತ್ತು ನೀನೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಅಣ್ಣನ ಮಗಳೆಂದು ಎದೆಗವಚಿ ಸಾಕಿದವಳು ನೀನು, ದೊಡ್ಡವಳಾದ ಮೇಲೆ ನಿನ್ನ ಮಗ ಯಂಕೇಶನಿಗೇ ತಂದುಕೊಂಡವಳು. ನಮ್ಮ ಮನೆಯವರು ಲಾರಿಗೆ ಸಿಕ್ಕು ಹೋದ ವರ್ಷ, ಊರ ಹೆಂಗಸರು ಏನೇ ಅಂದರೂ ಕೇಳದೆ ನನ್ನನ್ನು ಕೊಪ್ಪಳಕ್ಕೆ ಗಾಜಿನ ಕೆಲಸ ಕಲಿಯಲು ಕಳಿಸಿದೆ. ಕರು ಮಾರಿ ಈ ಕರೆಂಟಿನ ಭಟ್ಟಿ ಕೊಡಿಸಿದೆ. ಜಿಲಾನಿಯ ಬಳೆ ಅಂಗಡಿಯಿಂದ ಒಡೆದ ಬಳೆಗಳನ್ನು ಚೀಲದಲ್ಲಿ ಹೊತ್ತು ತಂದು, ಮೊರಕ್ಕೆ ಸುರಿದು ಬಣ್ಣಬಣ್ಣ ಬೇರೆ ಮಾಡಿ ಕೊಡುತ್ತಿದ್ದವಳು ನೀನು. ನಾನು ಕೂತು ಹೂವು, ಮೀನು, ಗಿಳಿ ಜೋಡಿಸುತ್ತಿದ್ದೆ. ಭಟ್ಟಿಯ ಕಿಂಡಿಯಲ್ಲಿ ಚೂರುಗಳು ಮೆತ್ತಗಾಗಿ ಒಂದಕ್ಕೊಂದು ಕೂಡಿಕೊಳ್ಳುವುದನ್ನು ನೋಡಲು ಇಬ್ಬರೂ ಜಗಳಾಡುತ್ತಿದ್ದೆವು.

ಹಸಿರು ಚೂರನ್ನು ಮಾತ್ರ ನೀನು ಒಂದು ದಿನವೂ ನನ್ನ ಕೈಗೆ ಕೊಡಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹಿತ್ತಲ ಬೇವಿನ ಬುಡಕ್ಕೆ ಹುಗಿದು ಬರುತ್ತಿದ್ದೆ. 'ಮುತ್ತೈದೇರ ಹಸರ ಬಳಿ, ನಮ್ಮಂಥವರ ಕೈಲೆ ಬೆಂಕಿಗೆ ಬೀಳಬಾರ್ದು' ಅನ್ನುತ್ತಿದ್ದೆ. ನಾನು ಎದುರಾಡಲಿಲ್ಲ. ಹಾಗಾಗಿ ನನ್ನ ಗಿಳಿಗಳೆಲ್ಲ ನೀಲಿ, ನನ್ನ ಎಲೆಗಳೆಲ್ಲ ಹಳದಿ. ಹೊಸಪೇಟೆಯ ಅಂಗಡಿಯವನು, ನಿಮ್ಮೂರ ಗಿಡಕ್ಕೆಲ್ಲ ಕಾಮಾಲೆ ಬಂದಿದೆಯೇ ಎಂದು ಕೇಳಿ ನಕ್ಕಿದ್ದ. ನೀನೂ ನಕ್ಕಿದ್ದೆ.

ಮಹಾನವಮಿಯ ಹಿಂದಿನ ವಾರ ನೀನು ಇರಕಲ್ಲಗಡಕ್ಕೆ ಹೋಗಿದ್ದಾಗ, ಭಟ್ಟಿಯ ಸುಟ್ಟುಹೋದ ಕಾಯಿಲು ಬದಲಿಸಿಕೊಡಲು ಮುನಿರಾಬಾದಿನ ಮಲ್ಲೇಶ ಬಂದಿದ್ದ. ನಿನಗೂ ಅವನೆಂದರೆ ಇಷ್ಟ, ಬಂದಾಗಲೆಲ್ಲ ಗಟ್ಟಿ ಮೊಸರು ಅವನ ತಾಟಿಗೇ. ಅವನು ನೀಲಿ ಗಿಳಿ ಎತ್ತಿ ನೋಡಿ, 'ಇದಕ್ಕ ಏನಾಗೇತ್ರಿ, ಥಂಡಿ ಹತ್ತೇತೇನು?' ಅಂದ. ನಾನು ನಕ್ಕೆ, ಅತ್ತೀ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಹೋದ ಮೇಲೆ ಬೇವಿನ ಬುಡ ಕೆದರಿ ಹಸಿರು ಚೂರು ತೆಗೆದು ತೊಳೆದು, ಮಾವಿನ ಎಲೆ ಜೋಡಿಸಿ ಭಟ್ಟಿಗಿಟ್ಟೆ. ಮಾರನೆಯ ದಿನ ಪೂರ್ತಿ ಆರಿದ ಮೇಲೆ ತೆಗೆದರೆ, ಏನು ಚೆಂದ ಬಂದಿದ್ದವು ಅಂತೀ. ಒಂದು ಎಲೆಯನ್ನು ದಾರಕ್ಕೆ ಪೋಣಿಸಿ ಮುಂಗೈಗೆ ಕಟ್ಟಿಕೊಂಡೆ. ಸುಮ್ಮನೆ ನೋಡಲಿಕ್ಕೆ ಎಂದು ನಿನಗೆ ಹೇಳಬೇಕೆಂದಿದ್ದೆ. ಸುಮ್ಮನೆ ಅಲ್ಲ, ಆಸೆಯಾಗಿ ಕಟ್ಟಿಕೊಂಡೆ.

ನೀನು ಸಂಜೆ ಬರುವವಳು ಮಧ್ಯಾಹ್ನದ ಬಸ್ಸಿಗೇ ಬಂದೆ. ಬೈಯುತ್ತೀ ಅಂದುಕೊಂಡೆ. ಬೈದಿದ್ದರೆ ನಾನೂ ಅತ್ತು ಕರೆದು ಹಗುರಾಗುತ್ತಿದ್ದೆ. ನೀನು ನನ್ನ ಕೈ ನೋಡಿ, ಗೋಡೆಯ ಮೇಲಿನ ಫೋಟೋ ನೋಡಿ, 'ನನ್ನ ಮಗ ಇನ್ನೂ ಈ ಮನ್ಯಾಗ ಅದಾನವಾ' ಎಂದು ಒಳಗೆ ಹೋದೆ. ಬೆಳಗಾಗುತ್ತಲೇ ಯಲಬುರ್ಗಾದ ಬಸ್ಸು ಹಿಡಿದೆ.

ಆ ಎಲೆಗಳನ್ನು ಅಂಗಡಿಗೆ ಕೊಟ್ಟಿಲ್ಲ, ಅರಿವೆಯಲ್ಲಿ ಸುತ್ತಿಟ್ಟಿದ್ದೇನೆ. ನೀನು ಹುಗಿ ಅಂದರೆ ಹುಗಿಯುತ್ತೇನೆ, ಅದು ದೊಡ್ಡದಲ್ಲ. ನನ್ನನ್ನು ತಿನ್ನುತ್ತಿರುವುದೇ ಬೇರೆ. ಅವತ್ತು ಕೈ ಮುಂದೆ ಚಾಚಿ ಬಿಸಿಲಿಗೆ ಹಿಡಿದು ನೋಡುತ್ತ ಕೂತವಳಿಗೆ ನಿನ್ನ ಮಗನ ನೆನಪೇ ಬರಲಿಲ್ಲ. ಬೆಳಗಿನಿಂದ ಫೋಟೋದ ಮುಂದೆ ದೀಪವನ್ನೂ ಹಚ್ಚಿರಲಿಲ್ಲ. ಅನ್ನ ಹಾಕಿದ ಮನೆಯಲ್ಲಿ ಕೂತು ಇಷ್ಟು ಖುಷಿಯಾಗಿದ್ದೆನಲ್ಲ, ನಾನೆಂಥ ಹಾಳು ಹೆಂಗಸು ಎಂದು ಈಗ ಉಂಡದ್ದು ಮೈಗೆ ಹತ್ತುವುದಿಲ್ಲ. ಭಟ್ಟಿಯನ್ನೂ ಹಚ್ಚಿಲ್ಲ. ನೀನು ಬಂದು ಬೇಕಾದರೆ ಕಪಾಳಕ್ಕೆ ಕೊಡು, ಆದರೆ ಬಾ.

ವಿಜಯಕ್ಕನಿಗೆ, ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳ ಗಲ್ಲಕ್ಕೆ ನನ್ನ ಮುತ್ತು. ಔಷಧಿ ತಪ್ಪಿಸಬೇಡ.

ನಿನ್ನ ಕೈಯಲ್ಲೇ ಬೆಳೆದ,
ಕವಿತಾ

ತಾ.ಕ.: ಇದನ್ನು ವಿಜಯಕ್ಕನ ಕೈಗೆ ಕೊಡಬೇಡ, ತಡವಾದರೂ ನೀನೇ ಓದು. ಮೊನ್ನೆ ಮಲ್ಲೇಶನ ಅಕ್ಕ ಸುಂಕಲಮ್ಮ ಬಂದಿದ್ದಳು. ಹೆಂಡತಿ ತೀರಿಕೊಂಡ ತಮ್ಮನಿಗೆ ನನ್ನನ್ನು ಉಡಿಕಿ ಮದುವೆ ಮಾಡಿಕೊಳ್ಳುತ್ತೇವೆ ಎಂದು ಕೇಳಿದಳು. ಅತ್ತಿಯನ್ನು ಕೇಳಿ ಹೇಳುತ್ತೇನೆ ಅಂದೆ ಎಂದು ಬರೆಯಲಿಕ್ಕಿದ್ದೆ, ಅದು ಸುಳ್ಳಾಗುತ್ತದೆ. ಹೂಂ ಅಂದುಬಿಟ್ಟಿದ್ದೇನೆ. ನಿನ್ನನ್ನು ಮೊದಲು ಕೇಳಿದ್ದರೆ ನೀನು ಒಲ್ಲೆ ಅನ್ನುತ್ತಿದ್ದೆ, ನಾನು ತಲೆಬಾಗುತ್ತಿದ್ದೆ, ಆಮೇಲೆ ಸಾಯುವತನಕ ಒಳಗೊಳಗೇ ನಿನ್ನ ಮೇಲೆ ಸಿಟ್ಟಿಟ್ಟುಕೊಂಡು ನಿನಗೆ ರೊಟ್ಟಿ ಬಡಿಯುತ್ತಿದ್ದೆ. ಅದು ಬೇಡವಾಗಿತ್ತು. ಅವನು ಈ ಮನೆಯಲ್ಲೇ ನಿನ್ನ ಜೊತೆ ಇರಲು ಒಪ್ಪಿದ್ದಾನೆ, ಫೋಟೋ ಇದ್ದಲ್ಲೇ ಇರಲಿ ಎಂದಿದ್ದಾನೆ. ಉಡಿಕಿಯ ಸೀರೆಯನ್ನು ತವರಿನವರು ಉಡಿಸಬೇಕು, ನನ್ನ ತವರಲ್ಲಿ ಯಾರಿದ್ದಾರೆ ಎಂದು ಸುಂಕಲಮ್ಮ ಕೇಳಿದಳು. ನಿನ್ನ ಹೆಸರು ಹೇಳಿದ್ದೇನೆ.