ಹಸುವಿನ ಅಳತೆ

ಹಾಲಿನ ಡಿಪೋ ಪಕ್ಕದ ಮನೆಯಿಂದ,
ಎರಡನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಬೆವರುಸಾಲೆ ಎದ್ದಿದೆ ಅಂತ ಬರೆದಿದ್ದೀಯ. ಪುಡಿ ಹಚ್ಚಿಕೋ, ಸೋಮಾರಿತನ ಬೇಡ. ಅಮ್ಮನ ಮೊಣಕಾಲು ಹಾಗೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ನನಗೇನು ಧಾಡಿ? ಹಾಲಿನ ವ್ಯಾನು ಓಡಿಸುವವನಿಗೆ ಕಾಯಿಲೆ ಬೀಳಲು ಪುರುಸೊತ್ತೆಲ್ಲಿ!

ಊರಿನ ಸುದ್ದಿ ಕೇಳಿದ್ದೀಯ. ಊರು ಇದ್ದಲ್ಲೇ ಇದೆ, ಪೇಟೆಯೇ ನಡೆದು ಬಂದಿದೆ. ಹೆದ್ದಾರಿ ಬರುವಾಗ ನಾನು ಹಾಕಿದ ಲೆಕ್ಕ ನೆನಪಿದೆಯಲ್ಲ? ಎರಡು ಗಂಟೆಯ ದಾರಿ ಅರ್ಧ ಗಂಟೆಗಿಳಿಯುತ್ತದೆ, ಹಾಲು ಒಡೆಯುವ ಮಾತೇ ಇಲ್ಲ, ಲಾಭವೋ ಲಾಭ. ಲೆಕ್ಕ ಸರಿಯಾಗಿಯೇ ಇತ್ತು. ನಮಗೆ ಪೇಟೆ ಅರ್ಧ ಗಂಟೆಯಾದರೆ ಪೇಟೆಗೂ ನಾವು ಅರ್ಧ ಗಂಟೆಯೇ ಅನ್ನುವುದೊಂದು ಬಿಟ್ಟುಹೋಗಿತ್ತು, ಅಷ್ಟೆ. ಈಗ ವ್ಯಾನು ಗಾಳಿಯ ಹಾಗೆ ಹೋಗುತ್ತದೆ, ಅರ್ಧಕ್ಕರ್ಧ ಕ್ಯಾನುಗಳಲ್ಲೂ ಗಾಳಿಯೇ. ಹಾಲು ಹಾಕುತ್ತಿದ್ದವರಲ್ಲಿ ಬಹಳ ಜನ ಹೊಲ ಮಾರಿಕೊಂಡರು. ಮೂಲೆಮನೆ ಮಾವನಿಗೆ ಸಕ್ಕರೆ ಕಾಯಿಲೆ, ದಿನಾ ನಡೆಯಬೇಕಂತೆ. ತಾನೇ ಉತ್ತ ಹೊಲದಲ್ಲಿ ಎದ್ದ ಬೀದಿಗೆ ವಾಕಿಂಗ್ ಹೋದರೆ ಗೇಟಿನವನು ಅಡ್ಡ ನಿಂತು, "ಯಾರ ಮನೆಗೆ ಬಂದ್ರಿ ಯಜಮಾನ್ರೇ?" ಅಂದನಂತೆ.

ಎಲ್ಲಕ್ಕಿಂತ ಚೆಂದ ಹೆದ್ದಾರಿಯಡಿಯ ನಮ್ಮ ಕೆಳದಾರಿಯ ಕಥೆ. ಕೊಟ್ಟಿಗೆ ಈ ಕಡೆ, ಹುಲ್ಲುಗಾವಲು ಆ ಕಡೆ, ನಡುವೆ ಹೆದ್ದಾರಿ. ಅವತ್ತಿನ ಸಭೆಯಲ್ಲಿ ಎಂಜಿನಿಯರು, "ದನ ದಾಟೋಕೆ ರಸ್ತೆ ಕೆಳಗೆ ಒಂದು ಮೋರಿ ಕೊಡ್ತೀವಿ, ಸಾಕಲ್ಲ?" ಅಂದಾಗ ನಾನು ಎದ್ದು ನಿಂತು, "ದನ ದಾಟಿದ್ರೆ ಆಯ್ತಾ ಸ್ವಾಮಿ? ಆ ಕಡೆಯೋರ ಹಾಲನ್ನ ನೀವು ತಲೆ ಮೇಲೆ ಹೊತ್ಕೊಂಡು ಬರ್ತೀರಾ? ನನ್ನ ವ್ಯಾನು ದಾಟ್ಬೇಕು!" ಅಂದೆ. ಹಿಂದಿನ ಬೆಂಚಿನಿಂದ ನೀನು ಸಿಳ್ಳೆ ಹೊಡೆದೆ. ಅಮ್ಮ ಮಾತ್ರ, "ಹಸುಗೆ ಎಷ್ಟು ಬೇಕೋ ಅಷ್ಟು ಕೇಳ್ರೋ" ಅಂತ ಗೊಣಗಿದಳು. ನಾವು ಗೆದ್ದೆವು. ವ್ಯಾನು ದಾಟುವ ದಾರಿ ಸಿಕ್ಕಿತು. ವ್ಯಾನು ದಾಟುವಲ್ಲಿ ಕಾರು ದಾಟದೇ? ಬಿಲ್ಡರು ಬಂದು ಆ ದಾರಿಯನ್ನೊಮ್ಮೆ ನೋಡಿದ, ಹುಲ್ಲುಗಾವಲಿನ ಸುತ್ತ ಇದ್ದ ಹೊಲಗಳನ್ನೆಲ್ಲ ಕೊಂಡ. ಹಸುವಿನ ಅಳತೆಯ ಮೋರಿ ಆಗಿದ್ದರೆ ಅವನು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನು ಕಟ್ಟಿದ ಕಾಲನಿಗೆ 'ಹುಲ್ಲುಗಾವಲು' ಅಂತಲೇ ಹೆಸರು. ಗೇಟಿನ ಮೇಲೊಂದು ಬಣ್ಣದ ಹಸು. ಅದು ಸಗಣಿ ಹಾಕುವುದಿಲ್ಲ, ಹಾಗಾಗಿ ಎಲ್ಲರಿಗೂ ಪ್ರೀತಿ.

ನಮ್ಮವು ಹಾಕುತ್ತವೆ. ಆಫೀಸಿನ ಹೊತ್ತಿಗೆ ದಾರಿಗೆ ಅಡ್ಡ ಬರುತ್ತವಂತೆ, ಕಾರಿನ ಟೈರು ನಾರುತ್ತವಂತೆ. ಕೆಳದಾರಿಯಲ್ಲಿ ದನ ಬಿಡಬೇಕೋ ಬೇಡವೋ ಅಂತ ತಿಂಗಳ ಕೊನೆಯ ಗುರುವಾರ ಕಾಲನಿಯವರ ಸಂಘದಲ್ಲಿ ವೋಟು. ರಸ್ತೆ ಕಚೇರಿಯವರು ಸಂಘ ಹೇಳಿದ ಹಾಗೆ ಮಾಡುತ್ತೇವೆಂದು ಕೈತೊಳೆದುಕೊಂಡಿದ್ದಾರೆ. ದಾರಿ ಮುಚ್ಚಿದರೆ ಮೇವು ಕೊಂಡು ಹಾಕಿ ಹಿಂಡು ಸಾಕುವ ತಾಕತ್ತು ನಮಗಿಲ್ಲ. ಕೊಟ್ಟಿಗೆ ಖಾಲಿ ಮಾಡಬೇಕು. ಅಮ್ಮ ಸಾಕಿದ ಕೆಂಪಿಯನ್ನೂ ಸೇರಿಸಿ.

ನೀರಿನ ಮೇಲಿರುವವನು, ಹುಷಾರು. ಅಮ್ಮನ ಕೈ ನಿನ್ನ ತಲೆಯ ಮೇಲಿದೆ ಅಂದುಕೋ.

ಇಂತಿ,
ನಿನ್ನ ಬಾಯಿಬಡುಕ ಅಣ್ಣ

ತಾ.ಕ.: ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಮೊನ್ನೆ ಕೆಳದಾರಿಯಲ್ಲಿ ನಮ್ಮ ದನಗಳ ಹಿಂದೆ ಒಂದು ಕಾರು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಬಯ್ಯೋಣವೆಂದು ಹೋದರೆ ಒಳಗೆ ಪೇಟೆಯಲ್ಲಿರಬೇಕಾದ ನಿನ್ನ ಹೆಂಡತಿ, ಪಕ್ಕದ ಸೀಟಿನಲ್ಲಿ ಹೊಸ ಬೀಗದ ಕೈಗಳ ಗೊಂಚಲು. "ಅಯ್ಯೋ ಭಾವ, ನೀವಾ! ನಿಮ್ಮ ತಮ್ಮ ಬಂದ್ಮೇಲೆ ಹೇಳೋಣ ಅಂತಿದ್ವಿ..." ಅಂದಳು. ಕಾಲನಿಯ ನಿಮ್ಮ ಮನೆ ಚೆನ್ನಾಗಿದೆ, ಹೊರಗಿನಿಂದ ನೋಡಿದೆ. ಸಂಘದಲ್ಲಿ ಮನೆಗೊಂದು ವೋಟಂತೆ. ವೋಟಿನ ಗುರುವಾರದೊಳಗೆ ಅವಳಿಗೆ ಫೋನ್ ಮಾಡು. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಆ ಕಾಲನಿಯ ಅಷ್ಟೂ ಮನೆಗಳಿಗೆ ಒಟ್ಟಿಗೇ ಶಾಪ ಹಾಕುತ್ತಾಳೆ. ಒಂದನ್ನು ಬಿಡಮ್ಮ ಅನ್ನಲು ನನಗಿನ್ನೂ ಬಾಯಿ ಬಂದಿಲ್ಲ.